ಶಿಶುವಿನ ಸುತ್ತುಬಟ್ಟೆ

ಚರಿತ್ರೆಯ ಗ್ರಂಥಗಳಲ್ಲಿ ಅರಸರು ಹುಟ್ಟಿದ ಸಂವತ್ಸರ, ಪಟ್ಟಕ್ಕೆ ಬಂದ ತಿಥಿ, ಕಾದಾಡಿದ ಸ್ಥಳ ಇವೆಲ್ಲವೂ ದೊರೆಯುತ್ತವೆ. ಹುಟ್ಟಿದ ಗಳಿಗೆಯಲ್ಲಿ ಆ ಅರಸನನ್ನು ಎತ್ತಿಕೊಂಡವಳು ಯಾರು, ಯಾವ ಬಟ್ಟೆಯಲ್ಲಿ ಎಷ್ಟು ಬಿಗಿಯಾಗಿ ಸುತ್ತಿ ತಾಯಿಯ ಮಗ್ಗುಲಲ್ಲಿ ಮಲಗಿಸಿದಳು ಎಂಬುದು ಮಾತ್ರ ದೊರೆಯುವುದಿಲ್ಲ. ನಾವು ಕಾಲೇಜಿನಲ್ಲಿ ಬಹುಕಾಲದಿಂದ ಚರಿತ್ರೆಯ ಪಾಠ ಹೇಳುತ್ತ ಬಂದಿದ್ದರೂ ಈ ಕೊರತೆ ನಮ್ಮ ಲಕ್ಷ್ಯಕ್ಕೆ ಬಂದದ್ದು ಪುಸ್ತಕಗಳಿಂದಲ್ಲ. ಒಂದು ಹೆರಿಗೆ ಆಸ್ಪತ್ರೆಯ ವಾರ್ಡಿನಲ್ಲಿ, ನಮ್ಮ ಮೊದಲ ಮಗಳು ಹುಟ್ಟಿದ ಎರಡನೆಯ ದಿನ.

ನಮ್ಮ ತಾಯಿಯವರು ಹಳೆಯ ಪಂಚೆಯೊಂದನ್ನು ಹರಿದು, ಒಗೆದು, ಬಿಸಿಲಿಗೆ ಹಾಕಿ ಮೆತ್ತಗೆ ಮಾಡಿ ತಂದಿದ್ದರು. ಮಗುವಿನ ಕೈಗಳನ್ನು ಪಕ್ಕಕ್ಕೆ ಸೇರಿಸಿ, ಕಾಲುಗಳನ್ನು ನೆಟ್ಟಗೆ ಎಳೆದು ಜೋಡಿಸಿ, ಕೊರಳಿನಿಂದ ಪಾದದವರೆಗೆ ಕೋಲಿನಂತೆ ಸುತ್ತಿ ಮಲಗಿಸಿದರು. ಹಾಗೆ ಸುತ್ತಿದರೆ ಕಾಲು ಸೊಟ್ಟಗಾಗುವುದಿಲ್ಲವೆಂದು ಅವರಿಗೆ ಅವರ ಅತ್ತೆ ಹೇಳಿಕೊಟ್ಟಿದ್ದರು. ಸ್ವಲ್ಪ ಹೊತ್ತಿಗೆ ವಯಸ್ಸಾದ ದಾದಿಯೊಬ್ಬರು ಬಂದು ಮಗುವನ್ನು ನೋಡಿದರು. ಮಾತನಾಡದೆ ಬಟ್ಟೆಯನ್ನು ಬಿಚ್ಚಿದರು. "ಅಜ್ಜಿ, ಕೈ ಸುತ್ತಿದ್ದು ಇರ್ಲಿ. ಕಾಲು ಮಾತ್ರ ಕಟ್ಟಬೇಡಿ. ಕಪ್ಪೆ ಹಾಗೆ ಮಡಚ್ಕೊಂಡಿರ್ಲಿ, ಬಿಡಿ," ಎಂದು ಹೇಳಿ ಅರ್ಧ ನಿಮಿಷದಲ್ಲಿ ಬೇರೆ ಬಗೆಯಾಗಿ ಸುತ್ತಿ ಮಲಗಿಸಿದರು. ಇದನ್ನು ಎಲ್ಲಿ ಕಲಿತಿರಿ ಎಂದು ನಾವು ಕೇಳಿದೆವು. "ನಮ್ಮ ದೊಡ್ಡ ಸಿಸ್ಟರು ತೋರಿಸಿಕೊಟ್ರು," ಎಂದಷ್ಟೇ ಉತ್ತರ ಬಂತು.

ಮಂಚದ ಪಕ್ಕದಲ್ಲಿ ನಮ್ಮ ಸೋದರತ್ತೆಯವರು ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಅವರು ಚಿಕ್ಕಂದಿನಿಂದ ಎಡಗಾಲನ್ನು ಎಳೆದು ನಡೆಯುವವರು. ಅವರ ಮಾತು ಆಮೇಲೆ ಬರುತ್ತದೆ.

ದಾದಿಯ ಕೈ ಮಾಡಿದ ಆ ಸಣ್ಣ ತಿದ್ದುಪಡಿಗೆ ಎರಡು ಸಾವಿರ ವರ್ಷಗಳ ಹಿನ್ನೆಲೆಯಿದೆ ಎಂಬುದು ಓದುತ್ತ ಹೋದಂತೆ ನಮಗೆ ತಿಳಿಯಿತು. ಆ ಎರಡು ಸಾವಿರ ವರ್ಷಗಳಲ್ಲಿ ಪಂಡಿತರು ಸುತ್ತುಬಟ್ಟೆ ಬೇಕೋ ಬೇಡವೋ ಎಂದು ವಾದಿಸಿದರು. ಸುತ್ತುವುದಾದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ, ಎಷ್ಟು ದಿನ ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಹೆಂಗಸರ ಕೈಗಳಿಗೇ ಬಿಟ್ಟರು. ನಿಜವಾದ ಅಪಾಯವೂ ನಿಜವಾದ ಉಪಕಾರವೂ ಇದ್ದದ್ದು ಈ ಎರಡನೆಯ ಪ್ರಶ್ನೆಯಲ್ಲಿ.

ಪಾಶ್ಚಾತ್ಯರಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಬರೆದವರ ಪೈಕಿ ಎಫೆಸಸ್ ಪಟ್ಟಣದ ಸೊರಾನಸ್ ಎಂಬ ಗ್ರೀಕ್ ವೈದ್ಯನು ಮುಖ್ಯನು. ಕ್ರಿ.ಶ. ಎರಡನೆಯ ಶತಮಾನದ ಆದಿಭಾಗದಲ್ಲಿ ಈತನು ರೋಮಾಪುರಿಯಲ್ಲಿ ವೃತ್ತಿ ನಡೆಸುತ್ತಿದ್ದನು. ಸ್ತ್ರೀಯರ ರೋಗಗಳನ್ನೂ ಪ್ರಸವವನ್ನೂ ಕುರಿತ ಅವನ ಗ್ರಂಥವನ್ನು ಓದಿದರೆ, ಬರೆಯುವಾಗ ಯಾರೋ ಸೂಲಗಿತ್ತಿಯ ಪಕ್ಕದಲ್ಲಿ ನಿಂತು ನೋಡಿಯೇ ಬರೆದಿದ್ದಾನೆಂದು ತೋರುತ್ತದೆ. ಪಟ್ಟಿಗಳು ಉಣ್ಣೆಯವಾಗಿರಬೇಕು, ಶುಚಿಯಾಗಿ ಮೆತ್ತಗಿರಬೇಕು, ತೀರ ಹಳೆಯವಾಗಿರಬಾರದು. ಕೆಲವು ಮೂರು ಬೆರಳಗಲ, ಕೆಲವು ನಾಲ್ಕು ಬೆರಳಗಲ ಇರಬೇಕು. ಮೊಣಕಾಲು ಮೊಣಕಾಲಿಗೆ, ಹರಡು ಹರಡಿಗೆ ಉಜ್ಜದಂತೆ ನಡುವೆ ಸ್ವಲ್ಪ ಉಣ್ಣೆಯಿಡಬೇಕು. ಇಷ್ಟು ಸೂಕ್ಷ್ಮಗಳನ್ನು ಹೇಳಿ, ಕೊನೆಗೆ ಕೈಗಳನ್ನು ಪಕ್ಕಕ್ಕೆ ನೀಡಿ ಕಾಲುಗಳನ್ನು ಜೋಡಿಸಿ ಒಟ್ಟಾಗಿ ಸುತ್ತಬೇಕೆಂದು ವಿಧಿಸುತ್ತಾನೆ. ಹೆಣ್ಣು ಶಿಶುವಾದರೆ ಎದೆಯನ್ನು ತುಸು ಬಿಗಿಯಾಗಿಯೂ ಸೊಂಟದ ಭಾಗವನ್ನು ಸಡಿಲವಾಗಿಯೂ ಸುತ್ತಬೇಕಂತೆ. ಹೆಂಗಸಿಗೆ ಆ ಆಕಾರ ಅಂದವೆಂಬುದು ಅವನು ಕೊಡುವ ಕಾರಣ. ಕಾರಣ ಹಾಸ್ಯಾಸ್ಪದವಾದರೂ ಸೊಂಟವನ್ನು ಸಡಿಲ ಬಿಡುವ ಪದ್ಧತಿ ಒಳ್ಳೆಯದೇ ಆಗಿತ್ತು. ಸುತ್ತುಬಟ್ಟೆಯನ್ನು ಯಾವಾಗ ಬಿಡಿಸಬೇಕೆಂಬ ವಿಷಯದಲ್ಲಿ ಆ ಕಾಲದವರಲ್ಲಿ ಒಮ್ಮತವಿರಲಿಲ್ಲ. ನಲವತ್ತನೆಯ ದಿನವೆಂದು ಕೆಲವರು, ಅರವತ್ತನೆಯ ದಿನವೆಂದು ಕೆಲವರು. ಸೊರಾನಸನು ಮಾತ್ರ ದಿನ ಎಣಿಸದೆ, ಶಿಶುವಿನ ಮೈ ಗಟ್ಟಿಯಾದುದನ್ನು ನೋಡಿ ಸ್ವಲ್ಪಸ್ವಲ್ಪವಾಗಿ ಬಿಡಿಸಿರೆಂದನು. ಮಗುವನ್ನು ನೋಡಿ ನಿರ್ಧರಿಸುವ ಈ ಬುದ್ಧಿ ಶಾಸ್ತ್ರದ್ದಲ್ಲ, ಕಸಬಿನದು.

ಆಮೇಲಿನ ಒಂದೂವರೆ ಸಾವಿರ ವರ್ಷ ಯೂರೋಪಿನಲ್ಲಿ ಈ ಪದ್ಧತಿ ಹೆಚ್ಚು ಬದಲಾಗಲಿಲ್ಲ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1445ರಲ್ಲಿ ಬಾಗಿಲು ತೆರೆದ ಅನಾಥ ಶಿಶುಗಳ ಆಸ್ಪತ್ರೆಯ ಮುಖಮಂಟಪದ ಮೇಲೆ, ಸುಮಾರು 1487ರಲ್ಲಿ ಆಂದ್ರೆಯಾ ದೆಲ್ಲಾ ರಾಬಿಯಾ ಎಂಬ ಶಿಲ್ಪಿಯು ಸುಟ್ಟ ಮಣ್ಣಿನ ದುಂಡು ಫಲಕಗಳನ್ನು ಕೂಡಿಸಿದನು. ನೀಲಿಯ ಹಿನ್ನೆಲೆಯಲ್ಲಿ ಒಂದೊಂದು ಬಿಳಿಯ ಶಿಶು ಪಟ್ಟಿಗಳಲ್ಲಿ ಸುತ್ತಿಸಿಕೊಂಡು ನಿಂತಿದೆ. ಕೆಲವಕ್ಕೆ ಪಟ್ಟಿ ಬಿಗಿಯಾಗಿದೆ, ಕೆಲವಕ್ಕೆ ಸಡಿಲಿ ಜಾರುತ್ತಿದೆ. 1930ರಲ್ಲಿ ಸ್ಥಾಪಿತವಾದ ಅಮೆರಿಕೆಯ ಶಿಶುವೈದ್ಯರ ಸಂಸ್ಥೆ ಈ ಶಿಶುಗಳಲ್ಲೊಂದನ್ನೇ ತನ್ನ ಲಾಂಛನವಾಗಿ ತೆಗೆದುಕೊಂಡಿತು. ಬಿಗಿಯಾಗಿ ಸುತ್ತಬೇಡಿರೆಂದು ತಾಯಂದಿರಿಗೆ ಉಪದೇಶಿಸುವ ಸಂಸ್ಥೆಯ ಮುದ್ರೆಯಲ್ಲಿ ಸುತ್ತಿದ ಕೂಸು ಇರುವುದು ಚರಿತ್ರೆಯ ವಿನೋದಗಳಲ್ಲಿ ಒಂದು.

1668ರಲ್ಲಿ ಪ್ಯಾರಿಸಿನ ಪ್ರಸಿದ್ಧ ಪ್ರಸವವೈದ್ಯ ಫ್ರಾನ್ಸ್ವಾ ಮೊರಿಸೋ ತನ್ನ ಗ್ರಂಥವನ್ನು ಪ್ರಕಟಿಸಿದನು. ಶಿಶುವಿನ ಅಂಗಗಳನ್ನು ನೆಟ್ಟಗೆ ಸುತ್ತಿ ಒಡ್ಡಿದ ಆಕಾರ ಕೊಡದೆ ಹೋದರೆ, ಅದು ಮೃಗಗಳಂತೆ ನಾಲ್ಕು ಕಾಲುಗಳಲ್ಲಿ ನಡೆಯುವ ಸಂಭವವುಂಟೆಂದು ಆ ಮಹಾಶಯನು ಬರೆದನು. ಮೂರೇ ವರ್ಷಗಳ ಬಳಿಕ ಜೇನ್ ಶಾರ್ಪ್ ಎಂಬ ಆಂಗ್ಲೇಯ ಸೂಲಗಿತ್ತಿಯ ಪುಸ್ತಕ ಹೊರಬಿತ್ತು. ಆಂಗ್ಲ ಭಾಷೆಯಲ್ಲಿ ಪ್ರಸವವನ್ನು ಕುರಿತು ಹೆಂಗಸೊಬ್ಬಳು ಬರೆದ ಮೊದಲ ಪುಸ್ತಕವೆಂದು ಅದನ್ನು ಗಣಿಸುತ್ತಾರೆ. ಆಕೆಯೂ ಸುತ್ತಬೇಕೆಂಬ ಪಕ್ಷದವಳೇ. ಆದರೆ ಆಕೆ ಹೇಳುವ ಮಾತು ಬೇರೆ ಜಾತಿಯದು: ಎಳೆಯ ಅಂಗಗಳನ್ನು ಮೆಲ್ಲಗೆ ಮುಟ್ಟಿರಿ, ಒದ್ದೆ ಬಟ್ಟೆಯನ್ನು ಆಗಾಗ ಬದಲಾಯಿಸಿರಿ, ನಾಲ್ಕು ತಿಂಗಳಾದ ಮೇಲೆ ತೋಳುಗಳನ್ನು ಬಿಟ್ಟುಬಿಡಿರಿ. ಮನುಷ್ಯನು ಚತುಷ್ಪಾದಿಯಾಗುವ ಭಯ ಆಕೆಗೆ ಇದ್ದಂತೆ ಕಾಣೆವು.

ಹದಿನೆಂಟನೆಯ ಶತಮಾನದಲ್ಲಿ ಗಾಳಿ ತಿರುಗಿತು. ಲಂಡನ್ನಿನ ಅನಾಥಾಲಯದ ಆಡಳಿತಗಾರರೊಬ್ಬರಿಗೆ ಬರೆದ ಪತ್ರದ ರೂಪದಲ್ಲಿ ವಿಲಿಯಂ ಕ್ಯಾಡೊಗನ್ ಎಂಬ ವೈದ್ಯನು 1748ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು. ಶಿಶುಗಳು ಸಾಯುತ್ತಿರುವುದಕ್ಕೆ ಹೊರೆಹೊರೆ ಬಟ್ಟೆಯೂ ಬಿಗಿದ ಪಟ್ಟಿಗಳೂ ಅತಿಯಾದ ಆಹಾರವೂ ಕಾರಣವೆಂದೂ, ಹಗುರವಾದ ಸಡಿಲ ಉಡುಪು ಸಾಕೆಂದೂ ಅವನು ವಾದಿಸಿದನು. ಈ ಮಾತು ಸರಿಯಾದದ್ದೇ. ಆದರೆ ಅದೇ ಉಸಿರಿನಲ್ಲಿ, ಶಿಶುಪೋಷಣೆಯ ಕಾರ್ಯವನ್ನು ಬಹುಕಾಲ ಹೆಂಗಸರ ಕೈಗೆ ಬಿಟ್ಟದ್ದೇ ಅನರ್ಥಕ್ಕೆ ಮೂಲ, ಇನ್ನು ಅದು ವಿದ್ಯಾವಂತ ಗಂಡಸರ ಅಧೀನಕ್ಕೆ ಬರತಕ್ಕದ್ದೆಂದೂ ಅವನು ಹೇಳಿದನು. ಜೇನ್ ಶಾರ್ಪಳ ಪುಸ್ತಕ ಅಷ್ಟರಲ್ಲಿ ಎಪ್ಪತ್ತೇಳು ವರ್ಷ ಹಳೆಯದಾಗಿತ್ತು.

1762ರಲ್ಲಿ ಪ್ರಕಟವಾದ 'ಎಮಿಲ್' ಗ್ರಂಥದಲ್ಲಿ ರೂಸೋ ಈ ವಾದವನ್ನು ಯೂರೋಪಿನ ಮನೆಮನೆಗೆ ಮುಟ್ಟಿಸಿದನು. ಮನುಷ್ಯನ ದಾಸ್ಯ ಸುತ್ತುಬಟ್ಟೆಯಲ್ಲೇ ಮೊದಲಾಗುತ್ತದೆಂಬುದು ಅವನ ಅಭಿಪ್ರಾಯ. ಹಳ್ಳಿಯ ದಾದಿಯರು ಸುತ್ತಿದ ಕೂಸನ್ನು ಬಟ್ಟೆಯ ಗಂಟಿನಂತೆ ಗೋಡೆಯ ಮೊಳೆಗೆ ನೇತುಹಾಕಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರೆಂದು ಅವನು ದೂರುತ್ತಾನೆ. ಆದರೆ ಒಂದು ಮಾತನ್ನು ಇಲ್ಲಿ ಹೇಳದೆ ಇರಲಾರೆವು. ರೂಸೋ ತನ್ನ ಐದು ಮಕ್ಕಳನ್ನೂ ಹುಟ್ಟಿದ ಕೂಡಲೆ ಪ್ಯಾರಿಸಿನ ಅನಾಥಾಲಯಕ್ಕೆ ಕಳುಹಿಸಿಕೊಟ್ಟವನು. ಇದನ್ನು ತನ್ನ ಆತ್ಮಚರಿತ್ರೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಕೂಸೊಂದನ್ನು ಒಂದು ರಾತ್ರಿ ನಿದ್ರೆಗೆಟ್ಟು ಸಮಾಧಾನಪಡಿಸಿದ ಅನುಭವ ಆ ತತ್ತ್ವಜ್ಞನಿಗೆ ಇದ್ದಿದ್ದರೆ, ದಾದಿಯರು ಏಕೆ ಸುತ್ತುತ್ತಿದ್ದರೆಂಬುದಕ್ಕೂ ಒಂದು ವಾಕ್ಯ ಬರೆಯುತ್ತಿದ್ದನೇನೋ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಶಿಶುವನ್ನು ಕ್ಷೌಮವೆಂಬ ನವಿರಾದ ವಸ್ತ್ರದಿಂದ ಹೊದಿಸಿ, ಅಂಥದೇ ವಸ್ತ್ರವನ್ನು ಹಾಸಿದ ಹಾಸಿಗೆಯಲ್ಲಿ ಮಲಗಿಸಿ, ಬೇವು ಎಲಚಿ ಮೊದಲಾದ ಮರಗಳ ಕೊಂಬೆಗಳಿಂದ ಗಾಳಿ ಬೀಸಬೇಕೆಂದು ಹೇಳಿದೆ. ಅದನ್ನು ಹಠಾತ್ತಾಗಿ ಎಬ್ಬಿಸಬಾರದು, ಗದರಿಸಬಾರದು, ಥಟ್ಟನೆ ಮೇಲಕ್ಕೆ ಎತ್ತಬಾರದು, ಬೆನ್ನು ಗೂನಾದೀತೆಂಬ ಕಾರಣದಿಂದ ಬೇಗನೆ ಕೂರಿಸಬಾರದು. ಚರಕಸಂಹಿತೆಯಲ್ಲಿ ಶಿಶುವಿನ ಬಟ್ಟೆ ಹಾಸಿಗೆಗಳು ಮೃದುವಾಗಿ ಹಗುರವಾಗಿ ಶುಚಿಯಾಗಿರಬೇಕೆಂದೂ, ಬೆವರು ಮಲಮೂತ್ರಗಳಿಂದ ಕೆಟ್ಟವನ್ನು ತೆಗೆದುಹಾಕಬೇಕೆಂದೂ, ಬೇರೆ ಇಲ್ಲದಿದ್ದಲ್ಲಿ ಅವನ್ನೇ ಚೆನ್ನಾಗಿ ಒಗೆದು, ಹೊಗೆಯಿಕ್ಕಿ, ಒಣಗಿಸಿ ಬಳಸಬೇಕೆಂದೂ ಇದೆ. ಗ್ರೀಕ್ ವೈದ್ಯನ ಅಳತೆಯ ಪಟ್ಟಿಗಳ ಮಾತು ಈ ಪ್ರಕರಣಗಳಲ್ಲಿ ಬರುವುದಿಲ್ಲ. ಬಡವರ ಮನೆಯನ್ನು ಮನಸ್ಸಿನಲ್ಲಿಟ್ಟು ಹೇಳಿದ ಆ ಒಗೆದು ಬಳಸುವ ಮಾತು ನಮಗೆ ತುಂಬ ಹಿಡಿಸಿತು.

ಕನ್ನಡನಾಡಿನ ಬಾಣಂತಿಕೋಣೆಯಲ್ಲಿ ಮಗುವಿಗೆ ಎಣ್ಣೆ ತಿಕ್ಕಿ, ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು ಎರೆದು, ಸಾಂಬ್ರಾಣಿ ಹೊಗೆ ತೋರಿಸಿ, ಹಳೆಯ ಹತ್ತಿಯ ಸೀರೆಯ ತುಂಡಿನಲ್ಲಿ ಸುತ್ತಿ, ಕುಲಾವಿ ಹಾಕಿ ತೊಟ್ಟಿಲಿಗೆ ಇಡುವುದು ವಾಡಿಕೆ. ಮನೆಗೊಂದು ರೀತಿ, ಕೈಗೊಂದು ರೀತಿ. ಕೆಲವರು ಸಡಿಲವಾಗಿ ಸುತ್ತುವರು, ಕೆಲವರು ನಮ್ಮ ತಾಯಿಯವರಂತೆ ಕಾಲು ಎಳೆದು ಬಿಗಿಯುವರು. ಆದರೆ ಕತ್ತು ನಿಂತ ಮೇಲೆ ಮಗುವನ್ನು ಸೊಂಟದ ಮೇಲೆ, ಕಾಲು ಅತ್ತಿತ್ತ ಚಾಚಿ ಕೂರಿಸಿಕೊಂಡು ತಿರುಗುವುದು ಎಲ್ಲ ಮನೆಗಳಲ್ಲಿಯೂ ಉಂಟು. ಈ ಸಾಧಾರಣ ಪದ್ಧತಿಯ ಬೆಲೆ ಮುಂದೆ ತಿಳಿಯುತ್ತದೆ.

ಆಂಗ್ಲರ ಆಳ್ವಿಕೆಯಲ್ಲಿ ಹೊಸ ಬಗೆಯ ಪ್ರಸೂತಿಶಿಕ್ಷಣ ಇಲ್ಲಿಗೆ ಬಂತು. ಮದರಾಸಿನಲ್ಲಿ 1844ರಲ್ಲಿ ಹೆರಿಗೆ ಆಸ್ಪತ್ರೆ ಹುಟ್ಟಿತು. 1885ರಲ್ಲಿ ಡಫ್ರಿನ್ ನಿಧಿಯೂ, 1903ರಲ್ಲಿ ಸೂಲಗಿತ್ತಿಯರಿಗೆ ಶಿಕ್ಷಣ ಕೊಡುವ ಸಲುವಾಗಿ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯೂ ಏರ್ಪಟ್ಟವು. 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಹೆಂಗಸರಿಗೂ ಮಕ್ಕಳಿಗೂ ತೆರೆಯಿತು. ಈ ನಿಧಿಯವರು 1918ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಾಡಸೂಲಗಿತ್ತಿಯ ಕೊಳಕನ್ನೂ ಅಜ್ಞಾನವನ್ನೂ ಕುರಿತು ದೀರ್ಘವಾದ ದೂರುಗಳಿವೆ. ಹೊಕ್ಕುಳಬಳ್ಳಿಯನ್ನು ಕೊಳೆಯಾದ ಆಯುಧದಿಂದ ಕೊಯ್ದು ಧನುರ್ವಾಯು ತಗುಲಿ ಎಷ್ಟೋ ಶಿಶುಗಳು ಸತ್ತದ್ದು ನಿಜ; ಅದನ್ನು ಮುಚ್ಚಿಹೇಳುವುದು ಸಲ್ಲದು. ಆದರೆ ಆ ಒಂದು ತಪ್ಪಿನೊಡನೆ ಅವಳ ಕೈಯಲ್ಲಿದ್ದ ಉಳಿದ ತಿಳಿವಳಿಕೆಯನ್ನೂ ಒಟ್ಟಿಗೆ ಕಸಕ್ಕೆ ಎಸೆದಂತಾಯಿತು. ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಅಕ್ಷರ ಬಲ್ಲವರಲ್ಲ. ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಮಾಡಿಸಿದರು. ಸರ್ಕಾರ ಪದ್ಮಶ್ರೀ ಕೊಟ್ಟು ಅದನ್ನು ಗುರುತಿಸಿದ್ದು 2018ರಲ್ಲಿ, ಅವರು ತೀರಿಕೊಂಡ ವರ್ಷವೇ.

ಬಟ್ಟೆಯೊಳಗೆ ಏನು ನಡೆಯುತ್ತದೆಂಬುದನ್ನು ಅಳತೆಮಾಡಿ ನೋಡುವ ಕಾಲ ಬಂದದ್ದು ತೀರ ಈಚೆಗೆ. ಅದಕ್ಕೆ ಮುಂಚೆ ಒಂದು ವಿಚಿತ್ರ ಪ್ರಸಂಗ ನಡೆಯಿತು. ರಷ್ಯರು ಕೂಸುಗಳನ್ನು ಬಿಗಿಯಾಗಿ ಸುತ್ತುವುದರಿಂದಲೇ ಆ ಜನಾಂಗದ ಸ್ವಭಾವ ಹೀಗಾಗಿದೆಯೆಂದು ಜೆಫ್ರಿ ಗೋರರ್ ಎಂಬ ಆಂಗ್ಲ ವಿದ್ವಾಂಸನು 1949ರಲ್ಲಿ ಪ್ರತಿಪಾದಿಸಿ ಎಲ್ಲರಿಂದ ಪರಿಹಾಸ್ಯಕ್ಕೆ ಗುರಿಯಾದನು. ಬಟ್ಟೆಯಲ್ಲಿ ರಾಜ್ಯನೀತಿಯನ್ನು ಹುಡುಕಿದವನಿಗೆ ಕೂಸಿನ ಸೊಂಟ ಕಾಣಲಿಲ್ಲ.

1965ರಲ್ಲಿ ಅಮೆರಿಕೆಯ ಲಿಪ್ಟನ್ ಮತ್ತು ಅವನ ಸಹೋದ್ಯೋಗಿಗಳು ಶಿಶುಗಳನ್ನು ಪರೀಕ್ಷಿಸಿ, ಸುತ್ತಿದ ಕೂಸು ಹೆಚ್ಚು ನಿದ್ರಿಸುತ್ತದೆ, ಅದರ ಎದೆಬಡಿತ ನಿಧಾನವಾಗುತ್ತದೆ, ಅಳು ಕಡಿಮೆಯಾಗುತ್ತದೆ ಎಂದು ತೋರಿಸಿದರು. ತನ್ನ ಕೈ ತಾನೇ ಬೆಚ್ಚಿ ಅದುರಿ ಎಚ್ಚರಗೊಳ್ಳುವುದು ಎಳೆಗೂಸಿನ ಸ್ವಭಾವ. ಬಟ್ಟೆ ಆ ಅದುರನ್ನು ತಡೆಯುತ್ತದೆ. ಅಂತೂ ರೂಸೋ ಬೈದ ದಾದಿಯರು ಮೂಢರೇನೂ ಆಗಿರಲಿಲ್ಲ.

ಆದರೆ ಸೊಂಟದ ಮಾತು ಬೇರೆ. ತಾಯಿಯ ಗರ್ಭದಲ್ಲಿ ಶಿಶುವಿನ ತೊಡೆಗಳು ಮಡಚಿಕೊಂಡಿರುತ್ತವೆ. ತೊಡೆಯೆಲುಬಿನ ತುದಿಯ ಗುಂಡು ಸೊಂಟದ ಎಲುಬಿನ ಬಟ್ಟಲಿನಲ್ಲಿ ಕೂರಬೇಕು. ಹುಟ್ಟುವಾಗ ಆ ಬಟ್ಟಲು ಆಳವಾಗಿರುವುದಿಲ್ಲ, ಬಹುಪಾಲು ಮೆದುವಾಗಿರುತ್ತದೆ, ಸುತ್ತಣ ಕಟ್ಟುಗಳೂ ಸಡಿಲವಾಗಿರುತ್ತವೆ. ಮಡಚಿದ ಕಾಲು ಹೊರಕ್ಕೆ ಬಾಗಿ ಆಡುತ್ತಿದ್ದರೆ ಗುಂಡು ಬಟ್ಟಲಿನೊಳಗೆ ಒತ್ತಿಕೊಂಡು ಅದನ್ನು ಆಳಮಾಡಿಕೊಳ್ಳುತ್ತದೆ. ಕಾಲನ್ನು ಬಲವಂತವಾಗಿ ನೆಟ್ಟಗೆ ಎಳೆದು ಕಟ್ಟಿದರೆ ಅದೇ ಗುಂಡು ಮೀಟಿದಂತಾಗಿ ಹೊರಕ್ಕೆ ಜಾರಬಹುದು. ಇದಕ್ಕೆ ನೋವಿಲ್ಲ, ಆದ್ದರಿಂದ ಮಗು ಅಳುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ನಡೆಯಲು ಕಲಿತ ದಿನ ಕುಂಟು ಕಾಣಿಸಿಕೊಳ್ಳುತ್ತದೆ. ಸಡಿಲವಾದ ಕೀಲನ್ನು ಎಳೆತನದಲ್ಲೇ ಕೈಯಿಂದ ಗುರುತಿಸುವ ವಿಧಾನವನ್ನು ಇಟಲಿಯ ಓರ್ತೊಲಾನಿ 1937ರಲ್ಲಿಯೂ ಇಂಗ್ಲೆಂಡಿನ ಬಾರ್ಲೋ 1962ರಲ್ಲಿಯೂ ವಿವರಿಸಿದರು. ಬಾರ್ಲೋ ಕಂಡ ಲೆಕ್ಕ ಮನನೀಯವಾದದ್ದು: ಸುಮಾರು 60 ಶಿಶುಗಳಿಗೆ ಒಂದರಲ್ಲಿ ಕೀಲು ಸಡಿಲವಾಗಿದ್ದರೂ, ಅವುಗಳಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮೊದಲ ವಾರದಲ್ಲೂ, 88 ಎರಡು ತಿಂಗಳೊಳಗೂ ತಾವಾಗಿಯೇ ಸರಿಹೋದವು. ಎಂದರೆ ಕೀಲು ತನ್ನನ್ನು ತಾನು ಸರಿಪಡಿಸಿಕೊಳ್ಳುವ ಆ ಮೊದಲ ವಾರಗಳಲ್ಲಿಯೇ ನಾವು ಕಾಲನ್ನು ಎಳೆದು ಕಟ್ಟುತ್ತಿದ್ದೇವೆ.

ಅಮೆರಿಕೆಯ ಮೂಲನಿವಾಸಿಗಳಾದ ನವಾಹೋ ಜನರು ಕೂಸನ್ನು ಕಾಲು ನೀಡಿಸಿ ಹಲಗೆಗೆ ಕಟ್ಟುತ್ತಿದ್ದರು. ಅವರಲ್ಲಿ ಈ ಊನ ಬಹಳ. ಮಗುವನ್ನು ಕಾಲಗಲಿಸಿ ಬೆನ್ನಿಗೋ ಸೊಂಟಕ್ಕೋ ಕಟ್ಟಿಕೊಳ್ಳುವ ಆಫ್ರಿಕದ ಜನರಲ್ಲಿ ಬಲು ವಿರಳ. ನಮ್ಮ ಹೆಂಗಸರು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವುದೂ ಇದೇ ಒಳ್ಳೆಯ ಭಂಗಿ. ಎಲ್ಲಕ್ಕಿಂತ ಸ್ಪಷ್ಟವಾದ ನಿದರ್ಶನ ಜಪಾನಿನದು. ಅಲ್ಲಿ ಎಳೆಗೂಸಿನ ಕಾಲುಗಳನ್ನು ನೀಡಿ ಸುತ್ತುವ ಪದ್ಧತಿಯಿತ್ತು, ನೂರಕ್ಕೆ 1.1ರಿಂದ 3.5ರವರೆಗೆ ಶಿಶುಗಳ ಸೊಂಟದ ಕೀಲು ಜಾರುತ್ತಿತ್ತು. ಸುಮಾರು 1975ರಿಂದ ದೇಶವ್ಯಾಪಿಯಾಗಿ ಈ ಪದ್ಧತಿಯನ್ನು ಬಿಡಿಸುವ ಪ್ರಚಾರ ನಡೆಯಿತು, ಅದರಲ್ಲಿಯೂ ಮನೆಯ ಅಜ್ಜಿಯರಿಗೆ ಹೇಳಿಕೊಡುವುದರ ಮೂಲಕ. 1984ರಲ್ಲಿ ಯಮಾಮುರೊ ಮತ್ತು ಇಶಿದಾ ಎಂಬ ವೈದ್ಯರು ವರದಿ ಮಾಡಿದಾಗ ಆ ಸಂಖ್ಯೆ 0.2ಕ್ಕೆ ಇಳಿದಿತ್ತು. ಹೊಸ ಔಷಧವಿಲ್ಲ, ಶಸ್ತ್ರವಿಲ್ಲ. ಬಟ್ಟೆಯ ಕೆಳತುದಿಯನ್ನು ಸಡಿಲಬಿಟ್ಟದ್ದಷ್ಟೇ.

ಎದೆಯ ಬಿಗಿತದ ಅಪಾಯವೂ ಉಂಟು. ತುರ್ಕಿಯಲ್ಲಿ ನಡೆದು 1990ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೂರು ತಿಂಗಳಾದರೂ ಸುತ್ತಿಟ್ಟ ಶಿಶುಗಳಿಗೆ ನ್ಯುಮೋನಿಯಾ ತಗಲುವುದು ಉಳಿದವಕ್ಕಿಂತ ನಾಲ್ಕು ಪಾಲು ಹೆಚ್ಚೆಂದು ಕಂಡಿತು. ಮಲಗಿಸುವ ಭಂಗಿಯ ಅಪಾಯ ಇದಕ್ಕಿಂತ ಘೋರವಾದದ್ದು. ಎಳೆಗೂಸುಗಳು ನಿದ್ರೆಯಲ್ಲೇ ಹಠಾತ್ತಾಗಿ ಸಾಯುವುದನ್ನು ತಡೆಯಲು ಅವನ್ನು ಅಂಗಾತ ಮಲಗಿಸಿರೆಂಬ ಪ್ರಚಾರ ಇಂಗ್ಲೆಂಡಿನಲ್ಲಿ 1991ರಲ್ಲಿ, ಅಮೆರಿಕೆಯಲ್ಲಿ 1994ರಲ್ಲಿ ಮೊದಲಾಗಿ, ಅಂಥ ಮರಣಗಳು ಅರ್ಧಕ್ಕೂ ಕೆಳಗೆ ಇಳಿದವು. ಅಂಗಾತ ಮಲಗಿದ ಕೂಸು ಬೆಚ್ಚಿ ಏಳುವುದೆಂದು ಪಾಶ್ಚಾತ್ಯರು ಮರೆತಿದ್ದ ಸುತ್ತುಬಟ್ಟೆಯನ್ನು ಮತ್ತೆ ಹುಡುಕಿ ತೆಗೆದರು. ಆದರೆ ಸುತ್ತಿದ ಕೂಸು ಬೋರಲಾಗಿಬಿಟ್ಟರೆ ಕೈಯೂರಿ ಮುಖವೆತ್ತಲಾರದು. ಬ್ರಿಸ್ಟಲ್ ನಗರದ ವಿದ್ವಾಂಸರು ಹಿಂದಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ತೋರಿಸಿದ್ದೂ ಇದನ್ನೇ: ಸುತ್ತಿ ಬೋರಲು ಮಲಗಿಸಿದಾಗ ಅಪಾಯ ಅತ್ಯಧಿಕ, ಮಗ್ಗುಲಾಗಿ ಮಲಗಿಸಿದರೂ ಅಪಾಯವೇ, ಮಗು ಬೆಳೆದಂತೆ ಅದು ಹೆಚ್ಚುತ್ತದೆ.

ಸುತ್ತದೆ ಇರಬೇಕಾದ ಹೊತ್ತನ್ನು ತಿಳಿಯುವುದೂ ದಾದಿಯ ವಿದ್ಯೆಯಲ್ಲಿ ಸೇರಿದೆ. ದಕ್ಷಿಣ ಅಮೆರಿಕೆಯ ಬೊಗೊಟಾ ನಗರದಲ್ಲಿ 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯನು, ದಿನ ತುಂಬದೆ ಹುಟ್ಟಿದ ಶಿಶುಗಳನ್ನು ತಾಯಿಯ ಬರಿಯ ಎದೆಗೆ ಅಪ್ಪಿಸಿ ಕಾಪಾಡುವ ಕ್ರಮವನ್ನು ಆರಂಭಿಸಿದನು. ತಾಯಿಯ ಮೈಗೆ ಮೈ ತಾಗಿದ ಕೂಸಿನ ಅಂಗಾಲು, ಬಟ್ಟೆಯಲ್ಲಿ ಸುತ್ತಿ ಬೇರೆ ಕೋಣೆಯಲ್ಲಿಟ್ಟ ಕೂಸಿನದಕ್ಕಿಂತ ಬೆಚ್ಚಗಿರುತ್ತದೆಂದು ಸೇಂಟ್ ಪೀಟರ್ಸ್‌ಬರ್ಗಿನ ಹೆರಿಗೆ ಮನೆಯಲ್ಲಿ ಅಳೆದು 2003ರಲ್ಲಿ ಪ್ರಕಟಿಸಿದರು.

ಈಗ ಆ ದಾದಿಯ ಕೈಗಳು ಮಾಡಿದ್ದನ್ನು ಕೇಳುವವರಿಗಾಗಿ ಹೇಳುತ್ತೇವೆ. ತೆಳುವಾದ ಹತ್ತಿಬಟ್ಟೆಯನ್ನು ಮೂಲೆ ಮೇಲಾಗುವಂತೆ ಹಾಸಿ, ಆ ಮೂಲೆಯನ್ನು ಕೆಳಕ್ಕೆ ಮಡಚಿದರು. ಮಡಿಕೆಯ ಅಂಚು ಹೆಗಲಿನ ಮಟ್ಟಕ್ಕೆ ಬರುವಂತೆ ಮಗುವನ್ನು ಅಂಗಾತ ಇಟ್ಟರು. ಬಟ್ಟೆ ಕೊರಳಿಗಿಂತ ಮೇಲೆ ಬರಲಿಲ್ಲ. ಒಂದು ಪಕ್ಕವನ್ನು ಎದೆಯ ಮೇಲೆ ತಂದು ಬೆನ್ನಿನಡಿ ಸೇರಿಸಿ, ಇನ್ನೊಂದು ಪಕ್ಕವನ್ನು ಅದರ ಮೇಲೆ ತಂದರು. ಎದೆಗೂ ಬಟ್ಟೆಗೂ ನಡುವೆ ತಮ್ಮ ಎರಡು ಬೆರಳು ತೂರಿಸಿ ನೋಡಿದರು. ಕೆಳತುದಿಯನ್ನು ಚೀಲದಂತೆ ಸಡಿಲವಾಗಿ ಮಡಚಿದರು. ಮಗು ಒಳಗೇ ಮೊಣಕಾಲುಗಳನ್ನು ಮೇಲಕ್ಕೆಳೆದು ಹೊರಕ್ಕೆ ಬಾಗಿಸಿಕೊಂಡಿತು. ಕತ್ತಿನ ಹಿಂದೆ ಕೈಯಿಟ್ಟು ಬೆವರಿದೆಯೇ ನೋಡಿದರು. "ಹಾಲಿಗೆ ಕೇಳಿದಾಗ ಬಿಚ್ಚಿ, ಕೈ ಬಾಯಿಗೆ ಹೋಗ್ಬೇಕು. ಮಗುಚೋಕೆ ನೋಡಿದ ದಿನ ಇದನ್ನ ಬಿಟ್ಬಿಡಿ," ಎಂದರು. ಸೊರಾನಸನಂತೆ ಅವರೂ ದಿನದ ಲೆಕ್ಕ ಹೇಳಲಿಲ್ಲ. ಕೆಲವು ಶಿಶುಗಳು ಎರಡು ತಿಂಗಳು ಕಳೆಯುತ್ತಲೇ ಮಗುಚಲು ಹವಣಿಸುವುದುಂಟು.

ನಮ್ಮ ಸೋದರತ್ತೆಯವರ ಕುಂಟಿಗೆ ಬಟ್ಟೆಯೇ ಕಾರಣವೆಂದು ನಾವು ಹೇಳಲಾರೆವು. ಅವರು ಹೆಣ್ಣು, ಚೊಚ್ಚಲ ಮಗು, ಕಾಲು ಮುಂದಾಗಿ ಹುಟ್ಟಿದವರೆಂದು ಮನೆಯಲ್ಲಿ ಹೇಳುತ್ತಾರೆ. ಈ ಮೂರೂ ಸೊಂಟದ ಕೀಲು ಸಡಿಲವಾಗಿರಲು ಕಾರಣಗಳೇ. ಅವರನ್ನು ಹೇಗೆ ಸುತ್ತಿದರು ಎಂದು ಕೇಳಲು ಸುತ್ತಿದವರು ಯಾರೂ ಉಳಿದಿಲ್ಲ. ಗ್ರಹಚಾರವೆಂದು ಮನೆಯವರು ಸುಮ್ಮನಿದ್ದರು, ಅವರೂ ಸುಮ್ಮನಿದ್ದರು. ಆ ದಿನ ದಾದಿ ಹೊರಟು ನಿಂತಾಗ ಅವರು ಕೋಲೂರಿ ಎದ್ದು ಮಂಚದ ಹತ್ತಿರ ಬಂದು, "ಇನ್ನೊಂದು ಸಲ ಬಿಚ್ಚಿ ಕಟ್ಟಿ ತೋರಿಸಮ್ಮ," ಎಂದರು. ದಾದಿ ಬಿಚ್ಚಿದರು, ಕಟ್ಟಿದರು. ಮೂರನೆಯ ಸಲ ಸೋದರತ್ತೆಯವರು ತಾವೇ ಕಟ್ಟಿದರು. ಕಟ್ಟಿ, ಮಗುವಿನ ಮೊಣಕಾಲು ಬಟ್ಟೆಯೊಳಗೆ ಆಡುವುದನ್ನು ಅಂಗೈಯಿಂದ ಮುಟ್ಟಿ ನೋಡಿದರು.